ಮಂತ್ರಿಯಾಗದ ಶಾಸಕ

ಮಾನ್ಯರೇ,

ಶಾಸಕರ ಸಾಧನೆ ಅಂದರೆ ಈಗ ಎಷ್ಟು ಕೋಟಿ ಅನುದಾನ ತಂದರು ಅನ್ನುವ ಲೆಕ್ಕ ಅಷ್ಟೇ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರಿಗೆ ಈ ಲೆಕ್ಕ ಹೊಂದುವುದಿಲ್ಲ.

ಸಾಗರ ತಾಲ್ಲೂಕಿನಲ್ಲಿ ನಡೆದ 1951ರ ಕಾಗೋಡು ಸತ್ಯಾಗ್ರಹಕ್ಕೆ ಕಾರಣ ಒಂದು ಕೊಳಗ. ಗೇಣಿ ಭತ್ತ ಅಳೆಯಲು ಜಮೀನಿನ ಒಡೆಯರು ದೊಡ್ಡ ಕೊಳಗ ಹಿಡಿಯುತ್ತಿದ್ದರು, ರೈತರು ಆಗುವುದಿಲ್ಲ ಅಂದರು. ಆ ಹೋರಾಟದಲ್ಲಿದ್ದ ಗೌಡರು ಮರುವರ್ಷ ಸಾಗರ–ಹೊಸನಗರದಿಂದ ಗೆದ್ದರು. 1957ರಲ್ಲಿ ಸೋತರು. 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಒಮ್ಮೆಯೂ ಮಂತ್ರಿಯಾಗಲಿಲ್ಲ. ವಿರೋಧ ಪಕ್ಷದ ಬೆಂಚಿನಿಂದಲೇ ಗೇಣಿದಾರರ ಪರ ಮಾತಾಡಿದರು. 1972ರಲ್ಲಿ ತೀರಿಕೊಂಡರು. ಉಳುವವನಿಗೇ ಭೂಮಿ ಕೊಡುವ ತಿದ್ದುಪಡಿ ಬಂದದ್ದು 1974ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ ಅನ್ನುವುದೇ ಬೇಸರ.

ಹೊಸ ಶಾಸಕರ ತರಬೇತಿಯಲ್ಲಿ ಸುಮ್ನೆ ನಿಯಮಾವಳಿ ಹೇಳಿಕೊಡುವ ಜೊತೆಗೆ ಗೌಡರ ಸದನದ ಭಾಷಣಗಳನ್ನೂ ಓದಿಸಬಹುದು, ಅಲ್ವಾ?

– ಒಬ್ಬ ಓದುಗ, ಶಿವಮೊಗ್ಗ