ಅಂಕಿ ಕೊಟ್ಟವರು ಓದುವ ಬಗೆಯನ್ನೂ ತಿಳಿಸಲಿ

ಮಾನ್ಯ ಸಂಪಾದಕರೇ,

ನಮ್ಮೂರಿನ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರೊಬ್ಬರು ಈಚೆಗೆ ತಾವೇ ಕಂಪ್ಯೂಟರಿನಲ್ಲಿ ಮಾಡಿದ ರೇಖಾಚಿತ್ರವೊಂದನ್ನು ತಂದು ತೋರಿಸಿದರು. ದೇಶದಲ್ಲಿ ಸಾವಿರ ಪುರುಷರಿಗೆ 2011ರ ಜನಗಣತಿಯಲ್ಲಿ 943 ಮಹಿಳೆಯರು, 2015-16ರಲ್ಲಿ 991, 2019-21ರಲ್ಲಿ 1020. ಗೆರೆ ನೇರವಾಗಿ ಮೇಲೇರಿತ್ತು. ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲ, ಅವನ್ನು ಒಂದೇ ಗೆರೆಯಲ್ಲಿ ಪೋಣಿಸಿದ್ದು ತಪ್ಪಾಗಿತ್ತು.

ಮೊದಲನೆಯದು ಇಡೀ ದೇಶದ ತಲೆ ಎಣಿಕೆ. ಉಳಿದೆರಡು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವು. ಈ ಸಮೀಕ್ಷೆಯವರು ಆಯ್ದ ಮನೆಗಳಿಗೆ, 2019-21ರ ಐದನೇ ಸುತ್ತಿನಲ್ಲಿ ಸುಮಾರು 6.37 ಲಕ್ಷ ಮನೆಗಳಿಗೆ, ಹೋಗಿ ಹಿಂದಿನ ರಾತ್ರಿ ಅಲ್ಲಿ ತಂಗಿದ್ದವರನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಸೇನೆಯ ಬ್ಯಾರಕ್ಕಿನಲ್ಲಿ, ಜೈಲಿನಲ್ಲಿ, ಹಾಸ್ಟೆಲಿನಲ್ಲಿ ಇರುವವರು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವರಲ್ಲಿ ಗಂಡಸರೇ ಹೆಚ್ಚು. ಇದೇ ಸಮೀಕ್ಷೆ 2005-06ರಲ್ಲಿಯೇ 1000 ಎಂದಿತ್ತು, ಐದು ವರ್ಷಗಳ ನಂತರ ಬಂದ ಜನಗಣತಿ 943 ಎಂದಿತು. ಮೇಲಾಗಿ, 1020 ಎಂದ ಪಟ್ಟಿಯಲ್ಲಿಯೇ ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಲಿಂಗಾನುಪಾತ, ಎಂದರೆ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು, 929 ಎಂದೂ ಇತ್ತು. ಆದರೂ 2021ರ ನವೆಂಬರಿನಲ್ಲಿ 'ದೇಶದಲ್ಲಿ ಮಹಿಳೆಯರೇ ಹೆಚ್ಚು' ಎಂದು ಸುದ್ದಿಮನೆಗಳೇ ಸಾರಿದ ಮೇಲೆ ಶಿಕ್ಷಕರನ್ನು ದೂರಿ ಫಲವೇನು?

ಸಂಖ್ಯಾಶಾಸ್ತ್ರ ಓದದವರು ಅಂಕಿಗಳ ಗೊಡವೆಗೆ ಹೋಗಬಾರದು ಎನ್ನುವ ಸಹೋದ್ಯೋಗಿಗಳು ನನಗಿದ್ದಾರೆ. ಜನರ ತೆರಿಗೆಯ ಹಣದಲ್ಲಿ ಜನರನ್ನೇ ಕೇಳಿ ಕಲೆಹಾಕಿದ ಅಂಕಿಗಳನ್ನು ಜನರು ಮುಟ್ಟಬಾರದು ಎನ್ನುವುದು ಯಾವ ನ್ಯಾಯವೋ ತಿಳಿಯದು. ಪಟ್ಟಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಆದರೆ ಮಾದರಿಯನ್ನು, ಎಂದರೆ ಕೇಳಬೇಕಾದ ಮನೆಗಳನ್ನು, ಆಯ್ದ ಬಗೆ ನೂರಾರು ಪುಟಗಳ ಇಂಗ್ಲಿಷ್ ವರದಿಯ ಒಳಗಿರುತ್ತದೆ. ಯಾರನ್ನು ಎಣಿಸಿಲ್ಲ, ಯಾವ ಅಂಕಿಯೊಡನೆ ಹೋಲಿಸಬಾರದು ಎಂಬ ಎರಡು ಸಾಲನ್ನು ಅದೇ ಪಟ್ಟಿಯ ಕೆಳಗೆ ಕನ್ನಡದಲ್ಲಿ ಬರೆಯುವುದು ಸಂಖ್ಯಾಶಾಸ್ತ್ರ ಓದಿದ ನಮ್ಮಂಥವರ ಕೆಲಸ. ಮೂವತ್ತು ವರ್ಷ ಪಾಠ ಹೇಳಿದ ನಾನೂ ಪ್ರಮಾಣಿತ ವಿಚಲನೆಯ ಸೂತ್ರವನ್ನು ಉರು ಹೊಡೆಸಿದೆನೇ ಹೊರತು, 'ಈ ಲೆಕ್ಕದಿಂದ ಹೊರಗುಳಿದವರು ಯಾರು' ಎಂದು ಕೇಳುವುದನ್ನು ಕಲಿಸಲಿಲ್ಲ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಗೊತ್ತಾಗಿದೆ. ಅದರ ಅಂಕಿಗಳು ಹೊರಬೀಳುವ ಮೊದಲೇ, ಪದವಿ ಕಾಲೇಜುಗಳ ಸಂಖ್ಯಾಶಾಸ್ತ್ರ ವಿಭಾಗಗಳು ತಿಂಗಳಿಗೊಂದು ಶನಿವಾರವಾದರೂ ಬಾಗಿಲು ತೆರೆದು, ಶಿಕ್ಷಕರು, ಪಂಚಾಯಿತಿ ಸದಸ್ಯರು, ಪತ್ರಕರ್ತರು ತಂದ ಲೆಕ್ಕಗಳನ್ನು ನೋಡಿಕೊಡುವ ಏರ್ಪಾಡು ಮಾಡಬೇಕೆಂದು ಕೋರುತ್ತೇನೆ. ನಮ್ಮ ಶಿಕ್ಷಕರು ಈಗ ಎರಡು ಗೆರೆ ಎಳೆದಿದ್ದಾರೆ. ಜನಗಣತಿಯದು 2001ರ 933ರಿಂದ 2011ರ 943ಕ್ಕೆ ಮೆಲ್ಲಗೆ ಏರಿ ನಿಂತಿದೆ. ಸಮೀಕ್ಷೆಯದು 1000ದಿಂದ 991ಕ್ಕೆ ಇಳಿದು 1020ಕ್ಕೆ ಹತ್ತಿದೆ.

– ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ, ತುಮಕೂರು