ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಸಮಯ ಸಿಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ,

ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ಸಾಕು, ದೂರ ಇಷ್ಟು, ಹಾರಾಟ ಇಷ್ಟು ಗಂಟೆ ಎಂದು ಹೇಳುವ ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಕಳೆದ ವರ್ಷ ಅಮ್ಮ ಒಬ್ಬರೇ ಹೊರಟಾಗ ನಾನೂ ಅಂಥದ್ದೊಂದನ್ನು ನಂಬಿದೆ. ಟಿಕೆಟ್‌ನಲ್ಲಿ ಸಮಯ ಇತ್ತು, ಆದರೆ ಹೊರಡುವುದಕ್ಕೆ ಒಂದು ಊರಿನ ಗಡಿಯಾರ, ಇಳಿಯುವುದಕ್ಕೆ ಇನ್ನೊಂದು ಊರಿನದು, ಕಳೆದು ನೋಡಲು ಹೋಗಿ ಗೊಂದಲವಾಯಿತು. ವೆಬ್‌ಸೈಟ್ 10 ಗಂಟೆ ಎಂದಿತ್ತು. ಅಷ್ಟಕ್ಕೆ ಬೇಕಾದ ಮಾತ್ರೆ ಕೈಚೀಲಕ್ಕೆ ಹಾಕಿ ಉಳಿದದ್ದನ್ನು ಸೂಟ್‌ಕೇಸಿನಲ್ಲಿಟ್ಟೆ. ಹಿಡಿದದ್ದು 13 ಗಂಟೆ. ಮಾತ್ರೆಯ ಹೊತ್ತು ಮೀರಿದರೂ ಅಮ್ಮ ಸೀಟಿನಲ್ಲೇ ಕುಳಿತಿರಬೇಕಾಯಿತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆಮೇಲೆ ಕೂತು ಓದಿದೆ. ಇಂಥ ಎಷ್ಟೋ ವೆಬ್‌ಸೈಟ್‌ಗಳು ಭೂಮಿಯ ಗುಂಡನೆಯ ಮೈಮೇಲೆ ಅತಿ ಹತ್ತಿರದ ದಾರಿಯನ್ನು ಅಳೆದು, ಗಂಟೆಗೆ 800–900 ಕಿ.ಮೀ. ವೇಗದಿಂದ ಸುಮ್ನೆ ಭಾಗಿಸಿಬಿಡುತ್ತವೆ. ದೂರ ಸರಿಯಾಗೇ ಇರುತ್ತದೆ. ತಪ್ಪುವುದು ಗಂಟೆ.

ಹೆಲ್ಸಿಂಕಿಯಿಂದ ಟೋಕಿಯೊ ಸುಮಾರು 7,800 ಕಿ.ಮೀ. 900ರಿಂದ ಭಾಗಿಸಿದರೆ ಒಂಬತ್ತು ಗಂಟೆಯೂ ಆಗುವುದಿಲ್ಲ. ಆದರೆ 2022ರಲ್ಲಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಅವು ಸುತ್ತಿಕೊಂಡು ಹೋಗಬೇಕು, ಸುಮಾರು 13 ಗಂಟೆ ಹಿಡಿಯುತ್ತದೆ. ಎರಡು ನಿಲ್ದಾಣಗಳೂ ಇದ್ದಲ್ಲೇ ಇವೆ, ದೂರ ಒಂದು ಕಿ.ಮೀ. ಕೂಡ ಬದಲಾಗಿಲ್ಲ, ಅಲ್ವಾ?

ಗಾಳಿಯದ್ದು ಇನ್ನೊಂದು ಕಥೆ. ವಿಮಾನಗಳು ಹಾರುವ ಎತ್ತರದಲ್ಲೇ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಬೀಸುತ್ತದೆ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗುವಾಗ ಅದು ಎದುರು ಗಾಳಿ, ಸುಮಾರು 8 ಗಂಟೆ ಬೇಕು. ವಾಪಸ್ ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದೆ, ಸುಮಾರು ಒಂದು ಗಂಟೆ ಕಡಿಮೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ದಿನ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೇ ತಲುಪಿತ್ತು. ಹೀಗಿರುವಾಗ ಹೋಗುವುದಕ್ಕೂ ಬರುವುದಕ್ಕೂ ಒಂದೇ ಅಂಕಿ ಕೊಟ್ಟರೆ ಹೇಗೆ? ಇನ್ನು ರನ್‌ವೇಗೆ ಸಾಲಿನಲ್ಲಿ ನಿಲ್ಲುವುದು, ಇಳಿದ ಮೇಲೆ ಗೇಟಿಗೆ ಹೋಗುವುದು, ಇದ್ಯಾವುದೂ ಭಾಗಾಕಾರದಲ್ಲಿ ಬರುವುದಿಲ್ಲ.

'ಡೈರೆಕ್ಟ್' ಎಂಬ ಪದವೂ ಮೋಸ ಮಾಡುತ್ತದೆ. ಮಧ್ಯೆ ಒಂದು ಊರಲ್ಲಿ ಇಳಿದು ಅದೇ ನಂಬರಿನಲ್ಲಿ ಮುಂದೆ ಹೋದರೂ ಅದನ್ನು ಡೈರೆಕ್ಟ್ ಎಂದೇ ಕರೆಯುತ್ತಾರೆ. ಎಲ್ಲೂ ಇಳಿಯದೆ ಹೋಗುವುದು ನಾನ್‌ಸ್ಟಾಪ್.

ಮೊದಲ ಸಲ ವಿಮಾನ ಹತ್ತುವ ವಯಸ್ಸಾದವರು, ಮಕ್ಕಳನ್ನು ಕರೆದುಕೊಂಡು ಹೋಗುವವರು, ಇನ್ನೊಂದು ವಿಮಾನ ಹಿಡಿಯಬೇಕಾದವರು ಇಂಥ ಅಂಕಿಗಳನ್ನೇ ನೆಚ್ಚಿಕೊಳ್ಳುತ್ತಾರೆ. ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ದೂರ ಹಾಕುವಾಗ ದಯವಿಟ್ಟು ವೇಳಾಪಟ್ಟಿಯ ಸಮಯವನ್ನೂ ಹಾಕಿ. ಹೋಗುವುದು, ಬರುವುದು ಬೇರೆ ಬೇರೆಯಾಗಿರಲಿ. ಎರಡು ಊರುಗಳ ಗಡಿಯಾರಕ್ಕೆ ಎಷ್ಟು ಗಂಟೆ ವ್ಯತ್ಯಾಸ ಎಂಬ ಒಂದು ಸಾಲೂ ಜೊತೆಗಿರಲಿ.

ಇಂತಿ,
ಒಬ್ಬ ಓದುಗ