ಮನೆಯ ಬೆಲೆ ಮತ್ತು ಬಾಡಿಗೆದಾರರ ಭಯ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಮನೆಗಳ ಬೆಲೆ ಮತ್ತೆ ಏರಲಿದೆ, ಕೊಳ್ಳುವವರು ತಡಮಾಡಬಾರದು ಎಂಬ ಮಾತು ಜಾಹೀರಾತುಗಳಲ್ಲಷ್ಟೇ ಅಲ್ಲ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿಬರುತ್ತಿದೆ. ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿ ಹಲವು ವರ್ಷ ದುಡಿದು ನಿವೃತ್ತನಾದ ನನಗೆ ಇದು ಹೊಸದಲ್ಲ. ‘ಈಗ ತೆಗೆದುಕೊಳ್ಳದಿದ್ದರೆ ಇನ್ನು ಕೈಗೆಟುಕುವುದಿಲ್ಲ ಸರ್’ ಎನ್ನುತ್ತಲೇ ಅರ್ಜಿದಾರರು ನನ್ನೆದುರಿನ ಕುರ್ಚಿಯಲ್ಲಿ ಕೂರುತ್ತಿದ್ದರು.

ಬೆಲೆ ಏರಲು ಕಾರಣಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿದರವನ್ನು) ಶೇ 6.5ರಿಂದ ಶೇ 5.25ಕ್ಕೆ ಇಳಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ ತೆರೆಯಿತು. ಆದರೆ ಬಡ್ಡಿ ಇಳಿದರೆ ಕೊಳ್ಳುವವರಿಗೆ ಲಾಭ ಎಂಬ ಲೆಕ್ಕದಲ್ಲಿ ಒಂದು ತೂತು ಇದೆ. 20 ವರ್ಷದ ಅವಧಿಗೆ ₹60 ಲಕ್ಷ ಸಾಲ ಪಡೆದರೆ, ಶೇ 8.5ರ ಬಡ್ಡಿಯಲ್ಲಿ ತಿಂಗಳ ಕಂತು ಸುಮಾರು ₹52,070 ಆಗುತ್ತದೆ. ಬಡ್ಡಿ ಶೇ 7.5 ಆದರೆ ಕಂತು ಸುಮಾರು ₹48,340ಕ್ಕೆ ಇಳಿಯುತ್ತದೆ. ಹೀಗೆ ಉಳಿಯುವ ₹3,700 ಚಿಲ್ಲರೆಯನ್ನು ಮನೆಖರ್ಚಿಗೆ ಇಟ್ಟುಕೊಂಡವರನ್ನು ನಾನು ಹೆಚ್ಚು ಕಾಣಲಿಲ್ಲ. ಹಳೆಯ ಕಂತಿಗೇ ಈಗ ₹64.6 ಲಕ್ಷ ಸಾಲ ಸಿಗುತ್ತದೆಂದು ತಿಳಿದೊಡನೆ ಬಹುಪಾಲು ಮಂದಿ ಅಷ್ಟಕ್ಕೂ ಸಹಿ ಹಾಕುತ್ತಿದ್ದರು. ಮಾರುವವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ಹಾಗಾಗಿ ಇಳಿದ ಬಡ್ಡಿಯ ದೊಡ್ಡ ಪಾಲು ಚದರಡಿ ದರದೊಳಗೆ ಸೇರಿ ಅವರ ಕಡೆಗೇ ಹೋಗುತ್ತದೆ.

ಇದರ ಮೇಲೆ ಸರ್ಕಾರದ ಪಾಲು ಬೇರೆ. ರಾಜ್ಯದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿಸಿದರೆ ನಗರದಲ್ಲಿ ₹80 ಲಕ್ಷದ ಫ್ಲ್ಯಾಟ್ ಕೊಳ್ಳುವವರು ನೋಂದಣಿಗೆಂದೇ ₹6 ಲಕ್ಷಕ್ಕೂ ಹೆಚ್ಚು ತೆರಬೇಕು. ಅಂಥದೇ ಫ್ಲ್ಯಾಟ್ ನಮ್ಮ ಬಡಾವಣೆಯಲ್ಲಿ ತಿಂಗಳಿಗೆ ₹25,000 ಬಾಡಿಗೆಗೆ ಸಿಗುತ್ತದೆ, ಅಂದರೆ ಮೇಲೆ ಹೇಳಿದ ಕಂತಿನ ಸುಮಾರು ಅರ್ಧ. ಬರೀ ಲಾಭನಷ್ಟ ನೋಡುವವರಾದರೆ ಬಾಡಿಗೆ ಮನೆಯಲ್ಲೇ ಇದ್ದು ಉಳಿದ ಹಣವನ್ನು ಬ್ಯಾಂಕಿನಲ್ಲಿಡಬೇಕಿತ್ತು. ಆದರೂ ಜನ ಕೊಳ್ಳುತ್ತಾರೆ, ಮತ್ತು ಅದು ದಡ್ಡತನದಿಂದಲ್ಲ.

ನಿವೃತ್ತಿಗೆ ಸ್ವಲ್ಪ ಮೊದಲು ಸಾಲ ಕೇಳಲು ಬಂದಿದ್ದ ಒಬ್ಬ ಶಿಕ್ಷಕಿ ಒಂಬತ್ತು ವರ್ಷದಲ್ಲಿ ಐದು ಮನೆ ಬದಲಿಸಿದ್ದರು. ಕೊನೆಯ ಬಾರಿ ಜನವರಿಯಲ್ಲಿ, ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ, ಮಾಲೀಕರ ಮಗಳು ಊರಿಗೆ ಬರುತ್ತಾಳೆಂದು ಮನೆ ಖಾಲಿ ಮಾಡಿಸಿದ್ದರಂತೆ. ಮುಂಗಡದಲ್ಲಿ ಬಣ್ಣ ಬಳಿಯುವುದಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡಿದ್ದರು. ‘ಬೆಲೆ ಏರಲಿ ಇಳಿಯಲಿ, ಅಪ್ಪನ ಫೋಟೊ ತೂಗುಹಾಕಲು ಯಾರ ಅಪ್ಪಣೆಯನ್ನೂ ಕೇಳದೆ ಒಂದು ಮೊಳೆ ಹೊಡೆಯಬೇಕು ಸರ್’ ಎಂದರು. ಸಾಲದ ಅರ್ಜಿಯಲ್ಲಿ ಉದ್ದೇಶ ಬರೆಯುವ ಅಂಕಣವೊಂದಿದೆ. ಅಲ್ಲಿ ನಾನು ಎಂದಿನಂತೆ ‘ಸ್ವಂತ ವಾಸಕ್ಕೆ’ ಎಂದು ತುಂಬಿದೆ.

ಈ ಭಯಕ್ಕೆ ಕಾನೂನಿನ ಆಧಾರವೂ ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ ₹3,500 ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಆ ಮೊತ್ತಕ್ಕೆ ಇಲ್ಲಿ ಇಂದು ಕಾರು ನಿಲ್ಲಿಸಲು ಜಾಗ ಸಿಕ್ಕೀತೇ ಹೊರತು ಸಂಸಾರಕ್ಕೆ ಮನೆ ಸಿಗುವುದಿಲ್ಲ. ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಯನ್ನು ನೋಂದಾಯಿಸಲೇಬೇಕಾದ್ದರಿಂದ ಎಲ್ಲರೂ ಹನ್ನೊಂದು ತಿಂಗಳ ಕರಾರು ಬರೆದು ಮುಗಿಸುತ್ತಾರೆ. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ತಿಂಗಳ ಲೆಕ್ಕದ ಬಾಡಿಗೆ ಕರಾರನ್ನು ಕೊನೆಗೊಳಿಸಲು ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಹದಿನೈದು ದಿನಗಳ ನೋಟಿಸ್ ಸಾಕು. ಇಂಥ ಸ್ಥಿತಿಯಲ್ಲಿ ಮಕ್ಕಳಿರುವ ಕುಟುಂಬವು ದುಪ್ಪಟ್ಟು ಕಂತು ತೆತ್ತಾದರೂ ಕೊಳ್ಳುವುದು ನೆಮ್ಮದಿಯನ್ನೇ. ಮಾರುವವರು ಅದಕ್ಕೂ ಬೆಲೆ ಕಟ್ಟುತ್ತಾರೆ.

ಮಾಲೀಕರೆಲ್ಲ ಕೆಟ್ಟವರೆಂದು ಇದರರ್ಥವಲ್ಲ. ಬಾಡಿಗೆದಾರ ಬಿಡದಿದ್ದರೆ ನ್ಯಾಯಾಲಯಕ್ಕೆ ಅಲೆಯಬೇಕಾದೀತೆಂದು ಮನೆಗೆ ಬೀಗ ಹಾಕಿಟ್ಟವರು ನಮ್ಮ ಬೀದಿಯಲ್ಲೇ ಇದ್ದಾರೆ. ಕೇಂದ್ರ ಸಂಪುಟವು 2021ರ ಜೂನ್‌ನಲ್ಲಿ ಒಪ್ಪಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಇಬ್ಬರ ವ್ಯಾಜ್ಯವನ್ನೂ ಬೇಗ ತೀರ್ಮಾನಿಸಲು ಪ್ರತ್ಯೇಕ ಬಾಡಿಗೆ ನ್ಯಾಯಾಲಯಗಳ ಏರ್ಪಾಟೂ ಇದೆ. ರಾಜ್ಯ ಸರ್ಕಾರವು ನೋಂದಣಿ ಶುಲ್ಕ ಏರಿಸುವುದರಲ್ಲಿ ತೋರಿದ ಚುರುಕನ್ನು, ₹3,500ರ ಮಿತಿಯನ್ನು ಇಂದಿನ ಬಾಡಿಗೆಗೆ ಹೊಂದಿಸುವುದರಲ್ಲೂ ಹತ್ತು ತಿಂಗಳ ಮುಂಗಡದ ರೂಢಿಗೆ ಕಾನೂನಿನ ಕಡಿವಾಣ ಹಾಕುವುದರಲ್ಲೂ ತೋರಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ನಿವೃತ್ತ ಬ್ಯಾಂಕ್ ಅಧಿಕಾರಿ, ಬೆಂಗಳೂರು